ರಿಪೇರಿ ಮಾಡಿಸುವುದೋ ಬಿಡುವುದೋ

ನ್ಯಾಮತಿ, ೯ ಫೆಬ್ರವರಿ ೧೯೪೩, ಮಂಗಳವಾರ

ಇಪ್ಪತ್ತು ರೂಪಾಯಿಗೆ ಕೊಂಡ ಹಳೆಯ ಸೈಕಲ್ಲಿಗೆ ಇಪ್ಪತ್ತೆಂಟು ರೂಪಾಯಿಯ ರಿಪೇರಿ! ಮುಂದಿನ ಫೋರ್ಕು ಬಗ್ಗಿದೆ, ಚಕ್ರ ಸೊಟ್ಟಗಾಗಿದೆ; ಹೇಗಾಯಿತೋ ತಿಳಿಯದು. ಯುದ್ಧದ ದೆಸೆಯಿಂದ ಟೈರೂ ತುಟ್ಟಿ. "ಮೇಷ್ಟ್ರೇ, ಇದನ್ನ ಗುಜರಿಗೆ ಹಾಕಿಬಿಡ್ರಿ" ಎಂದರು ಸೈಕಲ್ ಅಂಗಡಿಯ ಖಾದರ್ ಸಾಬರು. ನನಗೂ ಸರಿಯೆನಿಸಿತು. ಸ್ಕೂಲಿಗೆ ನಡೆದೇ ಹೋದರಾಯಿತು.

ಊಟಕ್ಕೆ ಕೂತಾಗ ಹೆಂಡತಿ ರುದ್ರಾಣಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಗುಜರಿಗೆ ಹಾಕಬ್ಯಾಡ್ರೀ. ಬಗ್ಗಿಸಿದ್ದು ನಾನು. ನೀವು ಪೇಟೆಗೆ ಹೋದಾಗೆಲ್ಲ ಹಿತ್ತಲಾಗೆ ಕಲಿಯಾಕೆ ಹತ್ತಿದ್ದೆ. ಮೊನ್ನೆ ಬಾವಿಕಟ್ಟೆಗೆ ಗುದ್ದಿದೆ."

ಸೆರಗು ಸರಿಸಿ ಮೊಣಕೈ ತೋರಿಸಿದಳು. ತರಚಿದ ಗಾಯ, ಮೇಲೆ ಒಣಗಿದ ಅರಿಶಿನ. ಎರಡು ದಿನದಿಂದ ಅದೇ ಕೈಯಲ್ಲಿ ನನಗೆ ಬಡಿಸಿದ್ದಾಳೆ. ನಾನು ನೋಡಿಯೇ ಇಲ್ಲ. ಮದುವೆಯಾಗಿ ಹನ್ನೊಂದು ವರ್ಷ.

ಬೈಯುತ್ತೇನೆಂದು ತಲೆ ತಗ್ಗಿಸಿ ಕೂತಿದ್ದಳು.

"ಬೀಳದೆ ಎಷ್ಟು ದೂರ ಹೋಗ್ತೀಯ?" ಎಂದೆ.

"ಬಾವಿ ತನಕ. ಅಲ್ಲಿಗೆ ಜಾಗ ಮುಗೀತೈತ್ರೀ. ಇಲ್ಲಾಂದ್ರೆ ಇನ್ನೂ ಹೋಗ್ತಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು.

ನಾಳೆ ಬೆಳಗ್ಗೆಯೇ ಹೋಗಿ ರಿಪೇರಿಗೆ ಒಪ್ಪಿಸಬೇಕು. ಸಿದ್ಧವಾದ ಮೇಲೆ ಅವಳನ್ನು ಹೊನ್ನಾಳಿ ರಸ್ತೆಗೆ ಕರೆದುಕೊಂಡು ಹೋಗಬೇಕು. ಜನ ಏನಾದರೂ ಅಂದುಕೊಳ್ಳಲಿ. ಸೀಟು ಹಿಡಿದು ಹಿಂದೆ ಓಡುವವನು ನಾನೇ. ಯಾವಾಗ ಕೈ ಬಿಡಬೇಕೋ ನನಗೆ ಗೊತ್ತಿಲ್ಲ. ಅವಳನ್ನೇ ಕೇಳೋಣವೆಂದರೆ ಆಗಲೇ ನಿದ್ದೆ ಹೋಗಿದ್ದಾಳೆ, ಗಾಯದ ಕೈ ಹೊದಿಕೆಯ ಹೊರಗಿದೆ.