ನೀವು ಹೇಳುತ್ತಿದ್ದ ಗಟ್ಟಿ ಆಯಿಲ್ ಹಾಕಿಸಲಿಲ್ಲ

ಮಾವ,

ನೀವು ತೀರಿಹೋದ ಮೇಲೆ ನಿಮ್ಮ ಕಾರು ಪದ್ಮನಾಭನಗರದ ಮನೆ ಮುಂದೆ ನಿಂತೇ ಇತ್ತು ಅನ್ನಬೇಕು. ಟ್ಯೂಷನ್ ಕ್ಲಾಸಿಗೆ ಹೋಗಿಬರುವಷ್ಟು ನಾನು ಓಡಿಸುತ್ತಿದ್ದೆ. ಎಂಜಿನ್ ಬಿಸಿಯಾಗುವ ಮೊದಲೇ ಕ್ಲಾಸು ಬಂದುಬಿಡುತ್ತಿತ್ತು. ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ ಆಯಿಲ್ ಮುಚ್ಚಳ ತೆಗೆದರೆ, ಅದರ ಒಳಗೆಲ್ಲ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ಲೋಳೆ. ನಿಮ್ಮ ಮಗ ನೋಡಿ, "ಎಂಜಿನ್ ಹೋಯ್ತು ಕಣೆ, ಮಾರಿಬಿಡೋಣ" ಅಂದರು. ಅತ್ತೆ ಅವತ್ತು ಊಟಕ್ಕೇ ಬರಲಿಲ್ಲ.

ಬನಶಂಕರಿಯಲ್ಲಿರುವ ನಿಮ್ಮ ಮೆಕ್ಯಾನಿಕ್ ಶಿವಣ್ಣನ ಹತ್ತಿರ ಒಯ್ದೆ. ರೇಡಿಯೇಟರ್ ನೀರು ಇಳಿದಿಲ್ಲ, ಅಂದರೆ ಎಂಜಿನ್ ಒಳಗೆ ಸೋರಿಲ್ಲ ಎಂದು ನೋಡಿಕೊಂಡು, "ಎಂಜಿನ್ ಚೆನ್ನಾಗಿದೆ ಮೇಡಂ. ಈಗಿನ ಪೆಟ್ರೋಲಲ್ಲಿ ಎಥನಾಲ್ ಜಾಸ್ತಿ ಬರುತ್ತೆ. ಸಾರ್ ಹಾಕಿಸ್ತಿದ್ರಲ್ಲ, ಅದೇ ಗಟ್ಟಿ ಆಯಿಲ್ ಹಾಕ್ಬಿಡ್ಲಾ?" ಅಂದರು.

ಹಳೇ ಎಂಜಿನ್ನಿಗೆ ಗಟ್ಟಿ ಆಯಿಲೇ ಸರಿ ಎಂದು ನೀವು ವಾದಿಸುತ್ತಿದ್ದುದು ನೆನಪಾಯಿತು. ನಿಮ್ಮೆದುರು ನಾನು ಯಾವತ್ತಾದರೂ ಗೆದ್ದಿದ್ದೆನೆ? ಆದರೆ ಕೆಮಿಸ್ಟ್ರಿ ಪಾಠ ಹೇಳುವವಳು ನಾನು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಎಂಜಿನ್ ತಣ್ಣಗಿದ್ದರೆ ಪೂರ್ತಿ ಉರಿಯದ ಪೆಟ್ರೋಲೂ ನೀರೂ ಆಯಿಲ್‌ಗೆ ಸೇರಿ ಲೋಳೆಯಾಗುತ್ತವೆ. ಆಯಿಲ್ ಗಟ್ಟಿಯಾದ ಮಾತ್ರಕ್ಕೆ ಆ ನೀರು ಎಲ್ಲಿಗೆ ಹೋಗುತ್ತದೆ? ಕಾರಿನ ಜೊತೆ ಕೊಟ್ಟಿದ್ದ ಪುಸ್ತಕದಲ್ಲಿರುವ ತೆಳು ಗ್ರೇಡನ್ನೇ, ಒಳ್ಳೆಯ ಸಿಂಥೆಟಿಕ್ ನೋಡಿ ಹಾಕಿಸಿದೆ. ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಆರು ತಿಂಗಳಿಗೊಮ್ಮೆ ಬದಲಾಯಿಸುವುದೆಂದಾಯಿತು. ಶಿವಣ್ಣ ಒಪ್ಪಿ, ಇನ್ನೊಂದು ಮಾತು ಸೇರಿಸಿದರು: "ವಾರಕ್ಕೊಂದ್ ಸಲ ದೂರ ಓಡ್ಸಿ ಮೇಡಂ. ಚೆನ್ನಾಗಿ ಬಿಸಿಯಾದ್ರೆ ನೀರು ಆವಿಯಾಗಿ ಹೋಗುತ್ತೆ."

ಹಾಗಾಗಿ ಭಾನುವಾರ ಬೆಳಿಗ್ಗೆ ಬನ್ನೇರುಘಟ್ಟದ ಕಡೆ ಹೊರಟೆ. ಒಬ್ಬಳೇ ಯಾಕೆಂದು ಅತ್ತೆಯನ್ನೂ ಕರೆದೆ. ನೀವಿದ್ದಾಗ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದವರು, ಮುಂದೆ ಬಂದು ಕೂತರು. ದಾರಿಯುದ್ದಕ್ಕೂ ನನ್ನ ಕಾಲನ್ನೇ ನೋಡುತ್ತಿದ್ದರು. ಗೊಟ್ಟಿಗೆರೆ ಹತ್ತಿರ ಕೇಳಿದರು, "ಗೇರ್ ಹಾಕೋ ಮುಂಚೆ ಕ್ಲಚ್ ಪೂರ್ತಿ ಒತ್ಬೇಕೇನೆ?"

"ಹೂಂ ಅತ್ತೆ. ಯಾಕೆ?"

"ನಿನ್ನ ಮಾವ ನಿಂಗೆ ಕಲಿಸ್ತಿದ್ದಾಗ ಗೇಟ್ ಹತ್ರ ನಿಂತು ನೋಡ್ತಿದ್ದೆ. ನೀನೂ ಕಲೀತೀಯಾ ಅಂತ ನನ್ನನ್ನ ಒಂದು ಮಾತೂ ಕೇಳ್ಲಿಲ್ಲ ಅವರು."

ಮದುವೆಯಾಗಿ ಬಂದ ವರ್ಷವೇ ನನ್ನ ಕೈಗೆ ಕೀ ಕೊಟ್ಟವರು ನೀವು. ಅವರಿಗೂ ಆಸೆಯಿರಬಹುದೆಂದು ನಿಮಗೆ ಹೊಳೆಯಲೇ ಇಲ್ಲವೋ, ಅಥವಾ...

ದೂರು ಹೇಳಲು ಬರೆದದ್ದಲ್ಲ, ಸುದ್ದಿ ಹೇಳಬೇಕಿತ್ತು. ಮುಚ್ಚಳದಲ್ಲಿ ಈಗ ಲೋಳೆಯಿಲ್ಲ. ಕಾರು ಮಾರುವ ಮಾತೂ ನಿಂತಿದೆ. ಅತ್ತೆಗೆ ಲರ್ನರ್ಸ್ ಲೈಸೆನ್ಸ್ ಬಂದಿದೆ. ಮೊನ್ನೆ ಭಾನುವಾರ ಒಂದು ಖಾಲಿ ಲೇಔಟಿನಲ್ಲಿ ಅವರೇ ಸ್ಟೀರಿಂಗ್ ಹಿಡಿದರು. ಎಂಜಿನ್ ಮತ್ತೆ ಮತ್ತೆ ಆಫ್ ಆಯಿತು. ಆಮೇಲೆ ಕಾರು ನಿಧಾನವಾಗಿ ಮುಂದಕ್ಕೆ ಹೋಯಿತು. ನಾನು ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕ್ ಮೇಲೆ ಕೈ ಇಟ್ಟುಕೊಂಡಿದ್ದೆ.

"ಕೈ ತೆಗಿಯೇ ಅಲ್ಲಿಂದ" ಅಂದರು.

ತೆಗೆದೆ.