ಒಂದು ತಾಸು ಹತ್ತು ನಿಮಿಷದ ಹಾದಿ

ಗಜೇಂದ್ರಗಡ
೧೮-೧೧-೨೦೨೫, ಮಂಗಳವಾರ

ಚಿ. ಸೌ. ವಿದ್ಯಾಶ್ರೀಗೆ,

ಫೋನ್ ಎತ್ತದ ಮಗಳಿಗೂ ಅವ್ವನ ಆಶೀರ್ವಾದ ಇದ್ದೇ ಇರುತ್ತದೆ.

ನಾಲ್ಕು ದಿನದಿಂದ ಫೋನ್ ಮಾಡಿ ಮಾಡಿ ಸಾಕಾಯಿತು. ಅದಕ್ಕೇ ಮಗ್ಗ ನಿಲ್ಲಿಸಿ ಕಾಗದ ಹಿಡಿದು ಕೂತಿದ್ದೇನೆ. ನಿನ್ನ ಏಳನೇ ತಿಂಗಳ ಕುಬಸಕ್ಕೆ ಹಡೆದ ತಾಯಿಯೇ ಬರಲಿಲ್ಲ, ಬೀಗತಿಯೇ ಸೀರೆ ಉಡಿಸಿ ಉಡಿ ತುಂಬಿದರು. ನಿನಗೆ ಸಿಟ್ಟು ಬಂದದ್ದು ಬರೋಬರಿ. ಆದರೆ ನನ್ನ ಸಿಟ್ಟನ್ನೂ ಸ್ವಲ್ಪ ಕೇಳು.

ಮೊದಲ ಸಿಟ್ಟು ಅಳಿಯದೇವರ ಮೇಲೆ. "ಅತ್ತಿ, ಬಸ್ಸಿನಾಗ ಯಾಕ ಹೈರಾಣ ಆಗ್ತೀರಿ? ಹುಬ್ಬಳ್ಳಿಯಿಂದ ಪುಣೆಗೆ ವಿಮಾನದಾಗ ಬರೇ ಒಂದು ತಾಸು ಹತ್ತು ನಿಮಿಷ" ಅಂದರು ಶರತ. ಆ ಒಂದು ತಾಸಿನ ಹಿಂದೆ ಮುಂದೆ ಏನೇನಿದೆ ಅಂತ ಹೇಳಲಿಲ್ಲ. ನಸುಕಿನಲ್ಲಿ ಗಡದಿಂದ ಬಸ್ಸು ಹತ್ತಿ ರೋಣ, ಗದಗ ದಾಟಿ ಹುಬ್ಬಳ್ಳಿ ಮುಟ್ಟಲು ಮೂರೂವರೆ ತಾಸು. ಅಲ್ಲಿಂದ ಆಟೋ. ಎರಡು ತಾಸು ಮೊದಲೇ ಹೋಗಿ ಕೂಡಬೇಕಂತೆ, ಬೀಗರ ಮನೆ ಊಟಕ್ಕೂ ಯಾರೂ ಅಷ್ಟು ಲಗೂ ಹೋಗುವುದಿಲ್ಲ. ಪುಣೆಯಲ್ಲಿ ಇಳಿದ ಮೇಲೆ ನಿಮ್ಮ ಮನೆಗೆ ಮತ್ತೆ ಒಂದೂವರೆ ತಾಸು. ನಕಾಶೆ ಮೇಲೆ ಬೆರಳಿಟ್ಟು ನೋಡುವವರಿಗೆ ಮಾತ್ರ ಅದು ಒಂದು ತಾಸಿನ ಹಾದಿ.

ಬಸ್ಸು ತಡವಾಗಿ ವಿಮಾನ ತಪ್ಪಿತು ಅಂತ ನಿನಗೆ ಹೇಳಿದ್ದೆ. ಅದು ಸುಳ್ಳು. ನಾನು ವೇಳೆಗೆ ಸರಿಯಾಗಿ ಅಲ್ಲಿದ್ದೆ. ಚೀಲದಲ್ಲಿ ನಾನೇ ನೇಯ್ದ ಹಸಿರು ಸೀರೆ, ಮತ್ತೆ ನಿನ್ನ ಹೆಸರು ಹೇಳಿ ದೇವರ ಮುಂದಿಟ್ಟು ತೆಗೆದುಕೊಂಡ ಐದು ಕೊಬ್ಬರಿ ಬಟ್ಟಲು. ಚೀಲ ತೂಗುವ ಹುಡುಗಿ ಒಳಗೇನಿದೆ ಎಂದು ಕೇಳಿದಳು. ನಾನು ಹೆಮ್ಮೆಯಿಂದ ತೆಗೆದು ತೋರಿಸಿದೆ. "ಒಣ ಕೊಬ್ಬರಿ ಒಯ್ಯಂಗಿಲ್ರಿ ಅಮ್ಮಾ, ಅದಕ್ಕ ಬೆಂಕಿ ಹತ್ತತೈತಿ" ಅಂದಳು. ಹಾಗಿದ್ದರೆ ನಮ್ಮ ಅಡುಗೆಮನೆ ಇಷ್ಟು ವರ್ಷ ಹೇಗೆ ಉಳಿಯಿತು? ನಿಯಮವಂತೆ, ಪಾಪ, ಅವಳದೇನು ತಪ್ಪು. "ಇಲ್ಲೇ ಬಿಟ್ಟು ಹೋಗ್ರಿ, ಪುಣೆದಾಗ ಬೇಕಾದಷ್ಟು ಸಿಗತಾವ" ಅಂತ ಎರಡು ಸಲ ಹೇಳಿದಳು. ನಾನು ಬಿಡಲಿಲ್ಲ. ವಿಮಾನ ಹೋಯಿತು.

ಅದು ಹಟವಲ್ಲ ವಿದ್ಯಾ, ಅಂಜಿಕೆ. ಹೋದ ಸಲ ನೀನು ಬಸುರಿಯಾಗಿ ಇಲ್ಲಿಗೆ ಬಂದು ಹೊರಟಾಗ, ಅವಸರದಲ್ಲಿ ನಿನ್ನ ಉಡಿಗೆ ಐದು ಹಾಕಬೇಕಾದಲ್ಲಿ ನಾಲ್ಕೇ ಬಟ್ಟಲು ಹಾಕಿದ್ದೆ. ಐದನೆಯದು ಮನೆಯಲ್ಲಿ ಇರಲಿಲ್ಲ, ನಡೆಯುತ್ತದೆ ಬಿಡು ಅಂದುಕೊಂಡೆ. ಐದನೇ ತಿಂಗಳಿಗೆ ಆ ಕೂಸು ಹೋಯಿತು. ಡಾಕ್ಟರು ಬೇರೆ ಕಾರಣ ಹೇಳಿದರು, ನನಗೂ ತಿಳಿಯುತ್ತದೆ. ಆದರೂ ಎರಡು ವರ್ಷದಿಂದ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ. ಇದನ್ನು ನಿನಗೆ ಯಾವ ಬಾಯಿಂದ ಹೇಳಲಿ ಅಂತ ಬಸ್ಸಿನ ಸುಳ್ಳು ಹೇಳಿದೆ.

ಈಗ ಬಾಣಂತನಕ್ಕೂ ಗಡಕ್ಕೆ ಬರುವುದಿಲ್ಲ ಅಂದೆಯಂತೆ. ಚೊಚ್ಚಲ ಹೆರಿಗೆಗೆ ಮಗಳು ಬರದಿದ್ದರೆ ಈ ತವರುಮನೆ ಇದ್ದು ಏನು ಮಾಡಬೇಕು? ಬೇಕಾದಷ್ಟು ಬೈ, ಆದರೆ ಬಾ. ನಮ್ಮ ಓಣಿಯ ಮೈನುದ್ದೀನ ಇವತ್ತು ಸಂಜೆ ಸೀರೆ ಗಂಟು ಹೇರಿಕೊಂಡು ಟೆಂಪೋದಲ್ಲಿ ಪುಣೆಗೆ ಹೊರಟಿದ್ದಾನೆ. ಪತ್ರ ಅವನ ಕೈಯಲ್ಲಿ ಕೊಡುತ್ತೇನೆ. ಹರಿದು ಒಗೆಯುವ ಮೊದಲು ಪೂರ್ತಿ ಓದು.

ನಿನ್ನ ಮೇಲೆ ನೆಟ್ಟಗೆ ಸಿಟ್ಟೂ ಮಾಡಲು ಬಾರದ,
ಅವ್ವ ವೀರವ್ವ

ತಾ.ಕ.: ಬುಧವಾರ ಬೆಳಿಗ್ಗೆ, ಪುಣೆ. ಮೈನುದ್ದೀನ ಈ ಪತ್ರ ಹಿಡಿದು ನಿಮ್ಮ ಮೂರನೇ ಮಹಡಿ ಹತ್ತಿ ಬರುತ್ತಾನೆ. ನಾನು ಕೆಳಗೆ ಟೆಂಪೋದಲ್ಲಿ ಕೂತಿದ್ದೇನೆ. ನೀನು ಇಳಿಯಬೇಡ, ತುಂಬು ಬಸುರಿ. ಕಿಟಕಿಯಿಂದ ಒಂದು ಸಲ ಬಾ ಅನ್ನು, ಸಾಕು, ನಾನೇ ಮೇಲೆ ಬರುತ್ತೇನೆ.