ಗುಂಡಿ ಡಬ್ಬಿಯ ಕೆಳಗಿನ ಅಂತಸ್ತು

ವಿಮಾನ ನಿಲ್ದಾಣದ ಮುಖ್ಯ ತಪಾಸಣಾಧಿಕಾರಿಗಳಿಗೆ,

ಮಾನ್ಯರೇ, ಕಳೆದ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ನಿಮ್ಮ ನಾಲ್ಕನೇ ಸಾಲಿನ ಸಿಬ್ಬಂದಿ ನನ್ನ ತಮ್ಮನ ಇಪ್ಪತ್ತು ದಿನದ ಮಾತ್ರೆಗಳನ್ನು ಕಿತ್ತುಕೊಂಡರು. ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಸೀಲು ಒತ್ತಿ, ನಮ್ಮ ಕೈಗೊಂದು ರಸೀದಿ ಕೊಟ್ಟರು. ಅದರಲ್ಲಿ 'ಗುರುತಿಸಲಾಗದ ಬಿಳಿ ಮತ್ತು ಹಳದಿ ವಸ್ತುಗಳು' ಎಂದು ಬರೆದಿದೆ. ಹನ್ನೊಂದು ವರ್ಷದಿಂದ ನನ್ನ ತಮ್ಮ ನೆಮ್ಮದಿಯಾಗಿ ಮಲಗಿ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವಂತೆ ಮಾಡಿದ ಔಷಧಿಗೆ ಇಷ್ಟು ಘನವಾದ ಹೆಸರನ್ನು ಯಾವ ವೈದ್ಯರೂ ಇಟ್ಟಿರಲಿಲ್ಲ. ಅದಕ್ಕಾಗಿ ನಿಮ್ಮ ಇಲಾಖೆಗೆ ಅಭಿನಂದನೆ.

ದೂರು ನಿಮ್ಮ ಮೇಲೆಯೇ. ಆದರೆ ಅಂದು ನಡೆದದ್ದರಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಸುಳ್ಳು ಹೇಳಿ ನನಗೆ ಸಾಕಾಗಿದೆ. ಹಾಗಾಗಿ ನಾಚಿಕೆ ಬಿಟ್ಟು ಬರೆಯುತ್ತೇನೆ ಎನ್ನಲಾರೆ, ನಾಚಿಕೆಪಡುತ್ತಲೇ ಬರೆಯುತ್ತಿದ್ದೇನೆ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ: ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಹೆಂಗಸರು ರವಿಕೆ ತೊಟ್ಟು ನೋಡಲು ಮೂಲೆಯಲ್ಲೊಂದು ಪರದೆ. ತಮ್ಮ ಸಾರ್ವಜನಿಕ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡುತ್ತಾನೆ. ಒಂದು ವರ್ಷ ನೆಲಮಾಳಿಗೆಗೆ ನೀರು ನುಗ್ಗಿ ನೂರಿಪ್ಪತ್ತು ದಫ್ತರಗಳು ಮುದ್ದೆಯಾದವು. ಎಲ್ಲರೂ ರದ್ದಿಗೆ ಹಾಕಿ ಎಂದಾಗ ಇವನು ಹಾಳೆ ಹಾಳೆಯಾಗಿ ಬಿಡಿಸಿ, ಒಣಗಿಸಿ, ಮತ್ತೆ ಹೊಲಿದ. ಆ ಸುದ್ದಿ ಎಲ್ಲೆಲ್ಲಿಗೋ ಮುಟ್ಟಿ, ದೂರದ ಊರಿನ ದೊಡ್ಡ ಗ್ರಂಥಾಲಯದವರು 'ಎರಡು ವಾರ ಬಂದು ನಮ್ಮ ಸಿಬ್ಬಂದಿಗೆ ಕಲಿಸಿಕೊಡಿ' ಎಂದು ಪತ್ರ ಬರೆದು, ವಿಮಾನದ ಟಿಕೆಟನ್ನೂ ಕಳಿಸಿದರು. ನಲವತ್ತೆರಡು ವರ್ಷದಲ್ಲಿ ಯಾರಾದರೂ ಅವನನ್ನು ಕಲಿಸಲು ಕರೆದದ್ದು ಅದೇ ಮೊದಲು. ಆ ಪತ್ರವನ್ನು ಅವನು ನನಗೆ ಮೂರು ಸಲ ಓದಿ ಹೇಳಿದ. ನೀನೂ ಬಾ ಎಂದು ಅವನೇನೂ ಕರೆದಿರಲಿಲ್ಲ. ಔಷಧಿಯ ಖಾತೆ ನನ್ನದಲ್ಲವೇ ಎಂದು ನಾನೇ ಹೊರಟು ನಿಂತೆ.

ಆ ಖಾತೆಯನ್ನು ನಾನು ನಿಭಾಯಿಸುತ್ತಿದ್ದ ಬಗೆಯನ್ನು ನಿಮಗೆ ಹೇಳಬೇಕು. ಅವನು ಮನೋರೋಗ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಮ್ಮಮ್ಮ ನನ್ನ ಕತ್ತರಿ ತೆಗೆದುಕೊಂಡು ಔಷಧಿ ಚೀಟಿಯ ಮೇಲಿನ ಮೂರು ಬೆರಳಗಲವನ್ನು ಕತ್ತರಿಸಿ ಒಲೆಗೆ ಹಾಕಿದಳು. ಆಸ್ಪತ್ರೆಯ ಹೆಸರು, ವೈದ್ಯರ ಹೆಸರು, ವಿಳಾಸ ಎಲ್ಲ ಇದ್ದದ್ದು ಅಲ್ಲೇ. "ಹೆಸರಿದ್ರೆ ತಾನೇ ಜನ ಓದೋದು," ಅಂದಳು. ಅಮ್ಮ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ನಮ್ಮ ಬೀದಿಯ ಔಷಧಿ ಅಂಗಡಿಯವರು ಗುರುತಿನವರು, ಚೀಟಿಯ ತಲೆ ಎಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ. ಮಾತ್ರೆಯ ಪಟ್ಟಿಗಳ ಬೆನ್ನ ಮೇಲೂ ಹೆಸರಿರುತ್ತದೆ. ಈಗಂತೂ ಯಾರು ಬೇಕಾದರೂ ಆ ಹೆಸರನ್ನು ಫೋನಿನಲ್ಲಿ ಹೊಡೆದು ಕಾಯಿಲೆಯ ಜಾತಕವನ್ನೇ ತೆಗೆಯಬಹುದು, ಅಳತೆ ಕೊಡಲು ಬರುವ ಹೆಂಗಸರ ಕಣ್ಣೋ ನನ್ನ ಟೇಪಿಗಿಂತ ಚುರುಕು. ಅದಕ್ಕೇ ಪಟ್ಟಿ ತಂದ ದಿನವೇ ಒಂದೊಂದು ಮಾತ್ರೆಯನ್ನೂ ಬಿಡಿಸಿ ನನ್ನ ಗುಂಡಿ ಡಬ್ಬಿಗೆ ಹಾಕುತ್ತಿದ್ದೆ. ಅದಕ್ಕೆ ಎರಡು ಅಂತಸ್ತು. ಮೇಲಿನದರಲ್ಲಿ ನಿಜವಾದ ಗುಂಡಿಗಳು, ಕೆಳಗಿನದರಲ್ಲಿ ಮಾತ್ರೆಗಳು, ಬೆಳಗಿನದಕ್ಕೆ ಒಂದು ಖಾನೆ, ಸಂಜೆಯದಕ್ಕೆ ಒಂದು. ದರ್ಜಿಯ ಗುಂಡಿ ಡಬ್ಬಿಗೆ ಯಾರು ಕೈ ಹಾಕುತ್ತಾರೆ? ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ನಿಮ್ಮ ಸಿಬ್ಬಂದಿ ಕೈ ಹಾಕಿದರು. ಅದು ಅವರ ಕೆಲಸ, ಆಕ್ಷೇಪವಿಲ್ಲ. ಕಪ್ಪು ಕೈಗವಸು ತೊಟ್ಟ ಹುಡುಗಿಯೊಬ್ಬಳು ಡಬ್ಬಿ ಎತ್ತಿ, "ಏನಮ್ಮ ಇದು?" ಎಂದಳು.

"ಗುಂಡಿ. ನಾನು ಟೈಲರು."

ಅವಳು ಮೇಲಿನ ಅಂತಸ್ತನ್ನು ಎತ್ತಿದಳು. "ಇದೂ ಗುಂಡೀನಾ?"

"ವಿಟಮಿನ್."

"ಚೀಟಿ ಕೊಡಿ." ಕೊಟ್ಟೆ. "ಇದರ ಮೇಲ್ಗಡೆ ಎಲ್ಲಿ?"

"ಹರಿದುಹೋಯ್ತು."

ಅವಳು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇಷ್ಟು ನೆಟ್ಟಗೆ ಯಾವ ಕಾಗದ ಹರಿಯುತ್ತಮ್ಮ?"

ಮೂವತ್ತು ವರ್ಷದಿಂದ ಬಟ್ಟೆ ಕತ್ತರಿಸುವ ಕೈ, ಸೊಟ್ಟಗೆ ಕತ್ತರಿಸಲು ಅದಕ್ಕೆ ಬರುವುದಿಲ್ಲ. ಯಾವ ಕಾಯಿಲೆಗೆ ಎಂದು ಅವಳು ಕೇಳಿದಾಗ, ಚೀಟಿ ವಾಪಸು ಕೊಡಿ ಎಂದು ಕೈ ಚಾಚಿದೆ. ಆಗ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಬಹುದಿತ್ತು. ಅದರ ಬದಲು ಎರಡು ಸಾಲು ದಾಟಿ ನಿಂತಿದ್ದ ಸಹೋದ್ಯೋಗಿಗೆ ಕೂಗಿದಳು: "ಇಲ್ಲೊಬ್ರು ಡಬ್ಬಿ ತುಂಬ ಮಾತ್ರೆ ತಂದಿದಾರೆ, ಯಾವ ಕಾಯಿಲೆಗೆ ಅಂತ ಬಾಯೇ ಬಿಡ್ತಿಲ್ಲ." ಬೆಲ್ಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ ಇಡೀ ಸಾಲು ನನ್ನತ್ತ ತಿರುಗಿತು. ಸ್ವಾಮಿ, ಜನರ ಬ್ಯಾಗಿನ ಒಳಗನ್ನು ನೋಡಲು ನಿಮ್ಮ ಬಳಿ ಅಷ್ಟು ದೊಡ್ಡ ಯಂತ್ರವಿದೆ. ಧ್ವನಿ ತಗ್ಗಿಸಲು ಯಾವ ಯಂತ್ರ ಬೇಕಿತ್ತು?

ಹಿಂದಿನಿಂದ ನನ್ನ ತಮ್ಮ ಮುಂದೆ ಬಂದ. ಅವನ ಕೈಯಲ್ಲೂ ಬೆಲ್ಟಿತ್ತು. ಗ್ರಂಥಾಲಯದಲ್ಲಿ ಯಾರಾದರೂ ಪುಸ್ತಕ ಎಲ್ಲಿದೆ ಎಂದು ಕೇಳಿದರೆ ಹೇಳುವಂಥದೇ ದನಿಯಲ್ಲಿ, "ಮೇಡಂ, ಅವು ನನ್ನ ಮಾತ್ರೆ. ನನಗೆ ಮಾನಸಿಕ ಕಾಯಿಲೆ ಇದೆ. ದಿನಕ್ಕೆರಡು ಸಲ ತಗೋಬೇಕು," ಎಂದ.

ಅಲ್ಲಿಗೆ ಎಲ್ಲ ಮುಗಿಯಬಹುದಿತ್ತು. ವೈದ್ಯರಿಗೆ ಫೋನು ಮಾಡಿದ್ದರೆ ಐದು ನಿಮಿಷದ ಮಾತು. ಆದರೆ ನನ್ನ ಹಿಂದಿದ್ದ ಹೆಂಗಸು ತನ್ನ ಮಗುವನ್ನು ಇನ್ನೊಂದು ಪಕ್ಕಕ್ಕೆ ಎಳೆದುಕೊಂಡದ್ದು ನನ್ನ ಕಣ್ಣಿಗೆ ಬಿತ್ತು. ನಾನು ಅಂದೆ: "ಅವನ ಮಾತು ಕಟ್ಕೋಬೇಡಿ ಮೇಡಂ. ಅವನಿಗೇನೂ ಇಲ್ಲ. ಅವನು ಏನೇನೋ ಹೇಳ್ತಿರ್ತಾನೆ."

ಈ ವಾಕ್ಯವನ್ನು ಇಲ್ಲಿ ಬರೆಯುವಾಗ ಮೂರು ಹಾಳೆ ಹರಿದೆ. ನಿಜ ಹೇಳಿದವನನ್ನು ತಲೆ ಕೆಟ್ಟವನೆಂದು ನಾನೇ ಸಾರಿದೆ, ಅದೂ ಅವನ ತಲೆ ಸರಿಯಿದೆ ಎಂದು ತೋರಿಸುವ ಸಲುವಾಗಿ. ಅವನು ನನ್ನ ಮುಖ ನೋಡಿದ. ಆಮೇಲೆ ಬೆಲ್ಟನ್ನು ನಿಧಾನವಾಗಿ ಸೊಂಟಕ್ಕೆ ಹಾಕಿಕೊಂಡ.

ಇಬ್ಬರ ಮಾತು ಎರಡಾದ ಮೇಲೆ ನಿಮ್ಮ ಮೇಲ್ವಿಚಾರಕರು ಬಂದರು. ಅವರ ಸೌಜನ್ಯವನ್ನು ನಾನು ಮರೆಯುವಂತಿಲ್ಲ. ತಮ್ಮನಿಗೆ ಬೆನ್ನು ಹಾಕಿ ನಿಂತು ಎಲ್ಲವನ್ನೂ ನನ್ನನ್ನೇ ಕೇಳಿದರು: "ಇವರು ಗಲಾಟೆ ಮಾಡ್ತಾರಾ? ಕೈ ಎತ್ತುತ್ತಾರಾ? ಒಬ್ರನ್ನೇ ಬಿಟ್ರೆ ಏನ್ಮಾಡ್ತಾರೆ?"

"ನಾನು ಇಲ್ಲೇ ಇದೀನಿ ಸರ್, ನನ್ನನ್ನೇ ಕೇಳಿ," ಎಂದ ತಮ್ಮ.

"ಪರವಾಗಿಲ್ಲ, ಚೆನ್ನಾಗೇ ಮಾತಾಡ್ತಾರೆ," ಎಂದು ಮೇಲ್ವಿಚಾರಕರು ನನಗೆ ಹೇಳಿದರು.

ಅದೇ ಹೊತ್ತಿಗೆ ಪಕ್ಕದ ಸಾಲಿನಲ್ಲಿ ಮುದುಕರೊಬ್ಬರು ಸಕ್ಕರೆ ಕಾಯಿಲೆಯ ಸೂಜಿಗಳನ್ನು ಹಿಡಿದು ನಿಂತಿದ್ದರು. "ಶುಗರಾ ಅಜ್ಜ? ಹೋಗಿ," ಎಂದು ಕಳಿಸಿದರು. ಅವರ ಚೀಟಿಗೆ ತಲೆಯಿತ್ತೋ ಇಲ್ಲವೋ ಯಾರೂ ನೋಡಲಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಾದವನು ಅಜ್ಜ, ಮನಸ್ಸಿಗೆ ಔಷಧಿ ತಗೊಳ್ಳುವವನು ಗಲಾಟೆ ಮಾಡುವವನು ಎಂಬ ವಿಂಗಡಣೆ ನಿಮ್ಮ ಯಾವ ನಿಯಮಪುಸ್ತಕದ ಎಷ್ಟನೇ ಪುಟದಲ್ಲಿದೆ? ಮಾತ್ರೆಗಳು ಮೂಲ ಪಟ್ಟಿಯಲ್ಲೇ ಇರಬೇಕು, ಚೀಟಿ ಪೂರ್ತಿಯಾಗಿರಬೇಕು ಎಂಬುದು 'ಜಾಲತಾಣದಲ್ಲಿದೆ' ಎಂದರು ಮೇಲ್ವಿಚಾರಕರು. ಇರಬಹುದು. ಗೋಡೆಯ ಮೇಲೆ ಉಗುರುಕತ್ತರಿಯ ಚಿತ್ರವಿದೆ, ನೀರಿನ ಬಾಟಲಿಯ ಚಿತ್ರವಿದೆ, ಎರಡರ ಮೇಲೂ ಕೆಂಪು ಗೀಟಿದೆ. ಮಾತ್ರೆಯ ಬಗ್ಗೆ ಒಂದಕ್ಷರವಿಲ್ಲ. ಇಷ್ಟೆಲ್ಲ ಕೇಳುವ ಹಕ್ಕು ನನಗಿದೆಯೇ ಎಂದೂ ಅನ್ನಿಸುತ್ತದೆ. ನಿಮ್ಮ ಮೇಲ್ವಿಚಾರಕರು ಹತ್ತು ನಿಮಿಷ ಮಾಡಿದ್ದನ್ನು ನಾನು ಹನ್ನೊಂದು ವರ್ಷ ಮಾಡಿದ್ದೇನೆ. ಆಸ್ಪತ್ರೆಯಲ್ಲಿ ವೈದ್ಯರು ಅವನನ್ನು "ಹೇಗಿದೀರಿ?" ಎಂದು ಕೇಳಿದರೆ ಉತ್ತರ ಕೊಡುತ್ತಿದ್ದವಳು ನಾನು. ನಿದ್ದೆ ಬರುತ್ತಾ ಎಂದರೆ, ಬರುತ್ತೆ ಡಾಕ್ಟ್ರೇ ಎಂದವಳೂ ನಾನೇ, ಅವನ ನಿದ್ದೆಯನ್ನು ನಾನೇ ಮಾಡಿದವಳ ಹಾಗೆ.

ವಿಮಾನ ಹೋಯಿತು. ನಿಲ್ದಾಣದ ಹೊರಗಿನ ಔಷಧಿ ಅಂಗಡಿಯವನು ಚೀಟಿ ನೋಡಿ, "ಡಾಕ್ಟರ್ ಹೆಸರೇ ಇಲ್ವಲ್ಲಮ್ಮ," ಎಂದು ಹಿಂದಕ್ಕೆ ಕೊಟ್ಟ. ಪಾರ್ಕಿಂಗ್ ಎದುರಿನ ಕಬ್ಬಿಣದ ಬೆಂಚಿನ ಮೇಲೆ ಕೂತೆವು. ಅವನು ಅಂದ: "ಅಕ್ಕ, ಅವರು ನನ್ನ ಹುಚ್ಚ ಅಂದಿದ್ರೆ ಬೇಜಾರಿರ್ಲಿಲ್ಲ. ಅವರಿಗೆ ನಾನ್ಯಾರು ಅಂತ ಗೊತ್ತಿಲ್ಲ. ನಿಂಗೆ ಗೊತ್ತಿತ್ತಲ್ಲ."

ಆಮೇಲೆ ಅವನೇ ಆ ಗ್ರಂಥಾಲಯಕ್ಕೆ ಫೋನು ಮಾಡಿದ. ನನಗೆ ಕೇಳಿಸಲಿ ಎಂದೋ ಏನೋ, ಫೋನನ್ನು ಸ್ಪೀಕರಿಗೆ ಹಾಕಿದ, ಎದ್ದು ಹೋಗಲಿಲ್ಲ. "ಸರ್, ನನಗೆ ಮಾನಸಿಕ ಕಾಯಿಲೆ ಇದೆ, ದಿನಾ ಔಷಧಿ ತಗೋತೀನಿ. ಇವತ್ತು ಮಾತ್ರೆ ಕೈತಪ್ಪಿ ಹೋಯ್ತು. ಅದಿಲ್ದೆ ಎರಡು ವಾರ ಅಲ್ಲಿದ್ರೆ ನಿಮಗೂ ಕಷ್ಟ, ನನಗೂ ಕಷ್ಟ," ಎಂದ. ಆ ಕಡೆಯವರು ಹೇಳಿದ್ದು ಇಷ್ಟೇ: "ಹಾಗಾದ್ರೆ ಮುಂದಿನ ತಿಂಗಳು ಬನ್ನಿ. ನಮ್ಮ ಪುಸ್ತಕಗಳು ಇಷ್ಟು ವರ್ಷ ಕಾದಿವೆ." ಯಾವ ಮಾತನ್ನು ಕೇಳಬೇಕಾಗುತ್ತದೆಂದು ಅಮ್ಮ ಕತ್ತರಿ ಹಿಡಿದಳೋ, ನಾನು ಡಬ್ಬಿ ತುಂಬಿದೆನೋ, ಆ ಮಾತನ್ನು ಅವರು ಆಡಲೇ ಇಲ್ಲ. ನಾಲ್ಕು ನಿಮಿಷದಲ್ಲಿ ಫೋನು ಮುಗಿದಿತ್ತು.

ಈಗ ಅವನ ಮಾತ್ರೆಗಳು ಪಟ್ಟಿಯ ಸಮೇತ ಅವನ ಕಪಾಟಿನಲ್ಲಿವೆ. ಚೀಟಿ ತಲೆಯಿಂದ ಕಾಲಿನವರೆಗೆ ಪೂರ್ತಿಯಿದೆ. "ಡಬ್ಬಿ ನೀನೇ ಇಟ್ಕೋ, ಗುಂಡಿಗೆ ಬೇಕಾಗುತ್ತೆ," ಎಂದು ನನ್ನ ಮೇಜಿನ ಮೇಲೆ ಇಟ್ಟು ಹೋದ. ಹಿಂದಿನಂತೆ ಎಲ್ಲವನ್ನೂ ಮಾತಾಡುತ್ತಾನೆ. ಆ ಮಂಗಳವಾರದ ಸುದ್ದಿ ಬಂದರೆ ಮಾತ್ರ ಎದ್ದು ಕೈ ತೊಳೆಯಲು ಹೋಗುತ್ತಾನೆ.

ಇನ್ನು ನನ್ನ ಬೇಡಿಕೆ. ಔಷಧಿಯೊಂದಿಗೆ ಬರುವವರು ಏನೇನು ತರಬೇಕೆಂದು ಉಗುರುಕತ್ತರಿಯ ಚಿತ್ರದ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೆಸಿ. ಕಾಯಿಲೆಯ ಹೆಸರು ಕೇಳುವಾಗ ಸ್ವರ ತಗ್ಗಿಸುವುದನ್ನು ನಿಮ್ಮ ಸಿಬ್ಬಂದಿಗೆ ಕಲಿಸಿ. ತಪಾಸಣೆಯ ಜಾಗದಲ್ಲಿ ಒಂದು ಪರದೆ ಕಟ್ಟಿಸಿ ಎಂದೂ ಬರೆದಿದ್ದೆ. ಕರಡನ್ನು ತಮ್ಮನಿಗೆ ತೋರಿಸಿದೆ. ಓದಿ, ಅದೊಂದು ಸಾಲಿನ ಮೇಲೆ ಬೆರಳಿಟ್ಟು, "ಪರದೆ ನಿಂಗೆ ಬೇಕು ಅಕ್ಕ, ನಂಗಲ್ಲ," ಎಂದ. ಬೇಕಾದವರಿಗಾಗಿ ಕಟ್ಟಿಸಿ. ನನ್ನಂಥವರು ತುಂಬ ಜನ ಇರುತ್ತಾರೆ.

ಕೊನೆಯದನ್ನು ಬೇಡಿಕೆಯೆಂದು ತಿಳಿಯಬೇಡಿ, ಅಂಗಲಾಚುತ್ತಿದ್ದೇನೆ. ಬರುವ ಸೋಮವಾರ ಬೆಳಿಗ್ಗೆ ಅದೇ ವಿಮಾನಕ್ಕೆ ಅವನು ನಿಮ್ಮ ಸಾಲಿಗೆ ಬರುತ್ತಾನೆ. ಮಾತ್ರೆ ಯಾರದು, ಯಾತಕ್ಕೆ ಎಂದು ಅವನನ್ನೇ ಕೇಳಿ. ಅವನು ಹೇಳುತ್ತಾನೆ. ಹೇಳಿದ್ದನ್ನು ನಂಬಿ. ಖಾತರಿ ಮಾಡಿಕೊಳ್ಳಲು ಪಕ್ಕದಲ್ಲಿ ಮನೆಯವರು ಯಾರಾದರೂ ಇದ್ದಾರಾ ಎಂದು ಹುಡುಕಬೇಡಿ. ಯಾರೂ ಇರುವುದಿಲ್ಲ. ನಾನೂ ಬರುತ್ತೇನೆ ಎಂದೆ, ಬೇಡ ಎಂದ.

ಇಂತಿ,
ಕೇಳದಿದ್ದರೂ ಉತ್ತರ ಕೊಟ್ಟು ಕೆಟ್ಟ ಅಕ್ಕ,
ವೃತ್ತಿಯಿಂದ ದರ್ಜಿ